ಬಾಗಿಲ ಬಳಿಯ ಎಂಜಿನ್

ನದಿ ದಂಡೆಯ ಆಶ್ರಮದಲ್ಲಿ ಶುಕ್ರವಾರ ಬೆಳಿಗ್ಗೆ ಒಂದು ಸ್ಪ್ಯಾನರ್ ಕಾಣೆಯಾಯಿತು. ಪ್ರಾರ್ಥನೆ ನಿಂತಿತು. ಹುಡುಕಾಟ ನಡೆಯಿತು. ಕೊನೆಗೆ ಅದು ಹುಡುಕುತ್ತಿದ್ದವನ ಜೇಬಿನಲ್ಲೇ ಸಿಕ್ಕಿತು. ಯಾರಿಗೂ ಗಾಯಗಳಾಗಿಲ್ಲ.

ಹುಡುಕುತ್ತಿದ್ದವನು ಮೃತ್ಯುಂಜಯ, ಅಡವಿಸ್ವಾಮಿಗಳ ಶಿಷ್ಯ. ಸ್ವಾಮಿಗಳು ಪೂರ್ವಾಶ್ರಮದಲ್ಲಿ ರೇಸ್ ಕಾರುಗಳ ಮೆಕ್ಯಾನಿಕ್ ಆಗಿದ್ದವರು. ಶಿಷ್ಯನ ಬಳಿ ತಾತನ ಕಾಲದ ಸ್ಪೋರ್ಟ್ಸ್ ಕಾರೊಂದಿತ್ತು. ಅದಕ್ಕೆ ಹೊಂದುವ ಎಂಜಿನ್‌ಗಳು ಎರಡಿದ್ದವು. ಆಶ್ರಮದ ಕೊಟ್ಟಿಗೆಯಲ್ಲಿ ಒಂದು ಬಾಗಿಲ ಬಳಿ, ಇನ್ನೊಂದು ಹಿಂದಿನ ಗೋಡೆಯ ಬಳಿ. ಕಾರಿನೊಳಗೆ ಯಾವುದೂ ಇರಲಿಲ್ಲ.

ಅವನ ಹೆಂಡತಿ ಇಂದುಮತಿ ಬಾಣಂತನಕ್ಕೆಂದು ಘಟ್ಟದ ಮೇಲಿನ ತವರಿಗೆ ಹೋಗಿದ್ದಳು. ಈ ಕಾರಿನಲ್ಲೇ ಬಂದು ಕರೆದೊಯ್ಯುತ್ತೇನೆಂದು ಅವನು ಮಾತು ಕೊಟ್ಟಿದ್ದ. ಹೆರಿಗೆಯಾದ ಐದನೇ ತಿಂಗಳಿಗೆ ಹೋಗಬೇಕಿತ್ತು. ಮಗು ಈಗ ಅಂಬೆಗಾಲಿಡುತ್ತಿತ್ತು. ಈ ಭಾನುವಾರ ಬಾರದಿದ್ದರೆ ಇನ್ನು ಬರುವುದೇ ಬೇಡವೆಂದು ಅತ್ತೆ ಹೇಳಿಕಳಿಸಿದ್ದರು.

"ಗುರುಗಳೇ, ಸಾವಿರದ ಆರುನೂರು ಸಿಸಿಯದು ಹಗುರ. ತಿರುವಿನಲ್ಲಿ ಚುರುಕು. ಎರಡು ಸಾವಿರದ್ದು ಭಾರ, ಆದರೆ ಪಿಕಪ್ ಹೆಚ್ಚು. ಯಾವುದು ಮೇಲು?"

"ಭಾನುವಾರ ನಿನ್ನ ಅತ್ತೆಯ ಮನೆಯಲ್ಲಿ ಏನಡುಗೆ?"

"ಹೋಳಿಗೆ ಇರಬಹುದು. ಆದರೆ ಮೊದಲನೆಯದಕ್ಕೆ ಆಯುಸ್ಸು ಜಾಸ್ತಿ ಅನ್ನುತ್ತಾರೆ. ಎರಡನೆಯದು ನೋಡಿದರೆ..."

"ಬಾಗಿಲ ಬಳಿ ಇರುವುದು ಯಾವುದಪ್ಪಾ?"

"ಸಾವಿರದ ಆರುನೂರು."

"ಅದನ್ನು ಹಾಕು."

"ಕಾರಣ?"

"ಹೊರುವ ದೂರ ಕಡಿಮೆ."

ಭಾನುವಾರ ಎಂಜಿನ್ ಕೂಡಿಸಿದ ಕಾರಿನಲ್ಲಿ ಸ್ವಾಮಿಗಳು ಅವನ ಪಕ್ಕದಲ್ಲಿ ಬಂದು ಕೂತರು.

"ನಾನು ಮಲಗುತ್ತೇನೆ. ನನಗೆ ಎಚ್ಚರವಾದರೆ ನಿನ್ನ ಟ್ಯೂನಿಂಗ್ ಸರಿಯಿಲ್ಲ ಅಂತ ತಿಳಿದುಕೋ."

ಘಟ್ಟದ ಮೊದಲ ತಿರುವಿನಲ್ಲೇ ಕಾರು ಕೆಮ್ಮಿ ಮುಗ್ಗರಿಸಿತು. ಸ್ವಾಮಿಗಳು ಒಂದು ಕಣ್ಣು ತೆರೆದರು.

"ರೇಸಿಗೆ ಟ್ಯೂನ್ ಮಾಡಿದ್ದೀಯಾ?"

"ಜೋರಾಗಿ ಓಡಿಸಿದರೆ ಹೀಗಾಗುವುದಿಲ್ಲ, ಗುರುಗಳೇ."

"ಮಗುವನ್ನು ಕೂರಿಸಿಕೊಂಡು ಎಷ್ಟು ಜೋರಾಗಿ ಓಡಿಸುತ್ತೀ?"

ಮೃತ್ಯುಂಜಯ ಇಳಿದ. ಬಾನೆಟ್ ಎತ್ತಿ, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ಎಂಜಿನ್ ನಿಧಾನಕ್ಕೂ ಒಪ್ಪುವಂತೆ ಮಾಡಿದ.

ಮುಂದಿನ ತಿರುವಿನಲ್ಲಿ ಕಾರು ಮತ್ತೆ ಜಗ್ಗಿತು. ಅವನು ಸ್ಕ್ರೂಡ್ರೈವರಿಗೆ ಕೈ ಹಾಕಿದ.

"ಇಳಿಯಬೇಡ. ಈ ಸಲದ್ದು ಎಂಜಿನ್ ಅಲ್ಲ, ನಿನ್ನ ಕಾಲು."

ಅವನು ಕಾಲು ಹಗುರ ಮಾಡಿದ. ಕಾರು ಸದ್ದಿಲ್ಲದೆ ಏರತೊಡಗಿತು.

ಕಡಿದಾದ ಏರು ಬಂದಾಗ ಅವನಿಗೆ ತಡೆಯಲಾಗಲಿಲ್ಲ. "ಎರಡು ಸಾವಿರದ್ದಾಗಿದ್ದರೆ ಇಲ್ಲಿ..."

"ನಾನು ಮಲಗಿದ್ದೇನೆ," ಎಂದರು ಸ್ವಾಮಿಗಳು.

ತವರಿನ ಅಂಗಳದಲ್ಲಿ ಇಂದುಮತಿ ಮಗುವನ್ನೆತ್ತಿಕೊಂಡು ಕಾರಿಗೆ ಒಂದು ಸುತ್ತು ಬಂದಳು.

"ಕೊನೆಗೆ ಯಾವುದನ್ನು ಹಾಕಿದಿರಿ?"

"ಬಾಗಿಲ ಬಳಿ ಇದ್ದದ್ದನ್ನು."

"ಅದನ್ನು ಕಂಡುಹಿಡಿಯಲು ಇಷ್ಟು ತಿಂಗಳು ಬೇಕಾಯಿತೇ? ನನ್ನನ್ನು ಕೇಳಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ."

ಅವನು ಮಗುವನ್ನು ಎತ್ತಿಕೊಂಡ. ಅದು ಅಪ್ಪನ ಮೂಗು ಹಿಡಿದು ಎಳೆಯಿತು. ಪಿಕಪ್ ಚೆನ್ನಾಗಿತ್ತು.

"ಮೊದಲು ಊಟಕ್ಕೆ ಏಳಿ," ಎಂದರು ಅತ್ತೆ. ಅವರ ಸಿಟ್ಟು ಎರಡನೇ ಹೋಳಿಗೆ ಬಡಿಸುವವರೆಗೆ ಇತ್ತು.

ಊಟವಾದ ಮೇಲೆ ಇಂದುಮತಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಮೃತ್ಯುಂಜಯ ಸ್ಟಾರ್ಟ್ ಮಾಡಿದ. ಮಗು ಒಮ್ಮೆ ಆಕಳಿಸಿ ನಿದ್ದೆಹೋಯಿತು.

ಆಗ ಅವನಿಗೆ ನೆನಪಾಯಿತು.

"ಅಯ್ಯೋ, ಗುರುಗಳೇ! ತಾವು?"

ಸ್ವಾಮಿಗಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಇದರಲ್ಲಿ ಇರುವುದು ಎರಡೇ ಸೀಟು. ನನ್ನ ಬಸ್ಸು ಮೂರೂವರೆಗೆ."