ಅಣ್ಣೆ ಹೂವಿಗೆ ನರೆ ಬಂದ ಕಥೆ

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳ ಮೈ ಆರಿರಲಿಲ್ಲ, ಮಳೆಗಳಿಗೆ ಹೆಸರಿಟ್ಟಿರಲಿಲ್ಲ. ಗಾಳಿ, ನೀರು, ಗಿಡ, ಇರುವೆ ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು. ಮನುಷ್ಯರಿಗೂ ಕೂತು ಕೇಳುವಷ್ಟು ಪುರಸೊತ್ತಿತ್ತು.

ಹೊಸ ಲೋಕವಲ್ಲವೇ, ಅದರಲ್ಲಿ ಬಿಳೀ ತಲೆಯವರೇ ಇರಲಿಲ್ಲ. ಯಾರಿಗೂ ಇನ್ನೂ ವಯಸ್ಸಾಗಿರಲಿಲ್ಲ. ಕೂದಲು ಎಂದರೆ ಕಪ್ಪು, ಅಷ್ಟೇ. ಅದು ಮುಂದೆ ಬೇರೆ ಬಣ್ಣಕ್ಕೆ ತಿರುಗೀತು ಎಂದು ಯಾರೂ ಯೋಚಿಸಿದವರಲ್ಲ.

ಭೂಮಿತಾಯಿ ಆಗಷ್ಟೇ ಜನರಿಗೆ ಬೀಜ ಹಂಚಿ ಮುಗಿಸಿದ್ದಳು. ಒಂದೊಂದು ಗಿಡದ್ದೂ ಒಂದೊಂದು ಬೊಗಸೆ. "ಇಷ್ಟು ನಾನು ಕೊಟ್ಟಿದ್ದು, ಮುಂದಿನದು ನೀವೇ ಮಾಡ್ಕೊಳ್ಳಿ" ಎಂದು ಹೇಳಿ, ಸೊಂಟ ನೋಯುತ್ತದೆಂದು ಮಲಗಿಬಿಟ್ಟಳು.

ಅಣ್ಣೆ ಗಿಡದ ಬೊಗಸೆ ಬಂದದ್ದು ಮುದ್ದವ್ವನ ಮಡಿಲಿಗೆ.

ಮುದ್ದವ್ವ ಆ ಊರಿನ ಚೆಲುವೆ. ಉದ್ದ ಜಡೆ, ಹೊಳೆಯುವ ಕಪ್ಪು ಕೂದಲು. ಕೆರೆಗೆ ನೀರಿಗೆ ಹೋದರೆ ಕೊಡ ತುಂಬಿಸುವುದಕ್ಕಿಂತ ನೀರಿನಲ್ಲಿ ಮುಖ ನೋಡಿಕೊಳ್ಳುವುದೇ ಹೆಚ್ಚು ಹೊತ್ತು. ಅಣ್ಣೆ ಬೀಜವನ್ನು ಅವಳು ಒಣ ಸೋರೆ ಬುರುಡೆಯಲ್ಲಿ ತುಂಬಿ ತೊಲೆಗೆ ನೇತುಹಾಕಿದಳು. ಮೊದಲ ಮಳೆ ಬಿದ್ದಾಗ ಒಂದು ಹಿಡಿ ತೆಗೆದು ಹಿತ್ತಲಿಗೆ ಚೆಲ್ಲಿದಳು.

ಆ ಗಿಡ ಬಂದ ಚೆಂದವೇ ಚೆಂದ. ವಾರದೊಳಗೆ ಮೊಳಕೆ, ತಿಂಗಳೊಳಗೆ ಮೊಣಕಾಲುದ್ದ. ಎಳೆ ಕುಡಿ ಚಿವುಟಿ ಸಾರು ಮಾಡಿದರೆ, ಚಿವುಟಿದಲ್ಲಿಂದ ಎರಡು ಕವಲು ಒಡೆಯುತ್ತಿತ್ತು. ರಾಗಿ ತೆನೆ ಕಟ್ಟುವ ಹೊತ್ತಿಗೆ ಕವಲು ಕವಲಿಗೂ ಒಂದೊಂದು ಹೂವು. ದೀಪದ ಕುಡಿಯ ಹಾಗೆ ನೆಟ್ಟಗೆ, ಬುಡದಿಂದ ತುದಿಯವರೆಗೆ ಒಂದೇ ಗುಲಾಬಿ ಬಣ್ಣ. ಊರ ಹೆಣ್ಣುಮಕ್ಕಳೆಲ್ಲ ಬಂದು ಮುಡಿದುಕೊಂಡು ಹೋಗುತ್ತಿದ್ದರು.

ಆ ಬಣ್ಣ ಬಾಡಬಾರದೆಂದು ಮುದ್ದವ್ವನಿಗೆ ಆಸೆ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಹೊಯ್ಯುತ್ತಿದ್ದಳು. ಅಣ್ಣೆಗೂ ಅದೇ ಆಸೆ. ಹೊಯ್ದಷ್ಟನ್ನೂ ಕುಡಿದು ಗುಲಾಬಿಯಾಗಿಯೇ ನಿಲ್ಲುತ್ತಿತ್ತು. ಆಮೇಲೆ ಚಳಿ ಬಿದ್ದ ಒಂದು ದಿನ, ಗುಲಾಬಿಯಾಗಿಯೇ ಬುಡ ಕೊಳೆತು ಬಿದ್ದುಹೋಗುತ್ತಿತ್ತು.

ಬಿದ್ದ ಹೂವನ್ನು ಬಿಡಿಸಿದರೆ ಒಳಗೆ ಬೀಜವೇನೋ ಇರುತ್ತಿತ್ತು. ಆದರೆ ಹಸಿ ಹಸಿ, ಹಿಚುಕಿದರೆ ಹಾಲು. ಬಿತ್ತಿದರೆ ಮಣ್ಣಿನಲ್ಲಿ ಕರಗಿ ಹೋಗುತ್ತಿತ್ತು. ಮುದ್ದವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಬುರುಡೆಯಲ್ಲಿ ಇನ್ನೂ ಇದೆಯಲ್ಲ ಎಂದು ವರ್ಷ ವರ್ಷವೂ ಅದರಿಂದಲೇ ಒಂದು ಹಿಡಿ ತೆಗೆಯುತ್ತಿದ್ದಳು.

ಹೀಗೆ ವರ್ಷಗಳು ಹೋದವು. ಮುದ್ದವ್ವನ ಮಗಳಿಗೂ ಮದುವೆಯಾಗಿ ಸಣ್ಣಿ ಎಂಬ ಮೊಮ್ಮಗಳು ಹುಟ್ಟಿದಳು. ಒಂದು ದಿನ ಮುದ್ದವ್ವ ಕೆರೆಯಲ್ಲಿ ಮುಖ ನೋಡಿಕೊಳ್ಳುವಾಗ ಬೈತಲೆಯ ಪಕ್ಕದಲ್ಲಿ ಒಂದು ಬಿಳೀ ಎಳೆ ಕಂಡಿತು. ಹತ್ತಿಯ ಎಳೆಯಿರಬೇಕೆಂದು ಎಳೆದಳು. ನೋವಾಯಿತು.

ಅವಳಿಗೆ ಜೀವವೇ ಹಾರಿದಂತಾಯಿತು. ಲೋಕದಲ್ಲಿ ಯಾರಿಗೂ ಆಗದ್ದು ನನಗೊಬ್ಬಳಿಗೇ ಆಯಿತಲ್ಲ ಎಂದು ಸಂಕಟಪಟ್ಟಳು. ಮನೆಗೆ ಬಂದವಳೇ ಮಡಕೆಯ ತಳದ ಮಸಿ ಕೆರೆದು, ಹರಳೆಣ್ಣೆಯಲ್ಲಿ ಕಲಸಿ, ಆ ಎಳೆಗೆ ಬಳಿದಳು. ಒಂದು ಎಳೆ ಹತ್ತಾಯಿತು, ಹತ್ತು ನೂರಾಯಿತು. ಮಸಿ ಸಾಲದೆ ತಲೆತುಂಬ ಸೆರಗು ಹೊದ್ದಳು. ಗಂಡ ಕಾಳಯ್ಯ ಯಾಕೆಂದು ಕೇಳಿದರೆ "ತಲೆನೋವು" ಎನ್ನುತ್ತಿದ್ದಳು. ಕಾಳಯ್ಯನೂ ಹೆಚ್ಚು ಕೇಳುತ್ತಿರಲಿಲ್ಲ. ಅವನಿಗೆ ಆಗ ರುಮಾಲು ಸುತ್ತುವ ಹೊಸ ಹುಚ್ಚು ಹಿಡಿದಿತ್ತು.

ಊರೂರು ಸುತ್ತುವ ಗಾಳಿ ಮಾತ್ರ ಒಂದು ವಿಚಿತ್ರ ಗಮನಿಸಿತ್ತು. ಆ ಊರಿನ ಮಡಕೆಗಳ ತಳ ಯಾವಾಗ ನೋಡಿದರೂ ಫಳಫಳ. ಒಂದು ಮನೆಯಲ್ಲೂ ಮಸಿಯಿಲ್ಲ. ಎಂಥ ಚೊಕ್ಕಟದ ಜನ ಎಂದುಕೊಂಡು ಗಾಳಿ ಮುಂದೆ ಹೋಯಿತು.

ಆ ವರ್ಷ ಮೊದಲ ಮಳೆಗೆ ಮುದ್ದವ್ವ ಬುರುಡೆ ಬಗ್ಗಿಸಿದರೆ ಹಿಡಿ ಬರಲಿಲ್ಲ. ಕೊಡವಿದಳು, ತಟ್ಟಿದಳು. ಅಂಗೈಗೆ ಬಿದ್ದದ್ದು ಒಂದೇ ಒಂದು ಬೀಜ. ಲೋಕಕ್ಕೆಲ್ಲ ಉಳಿದಿದ್ದ ಅಣ್ಣೆ ಅಷ್ಟೇ.

ಅವಳು ಹಿತ್ತಲಿನ ನಟ್ಟನಡುವೆ ಅದನ್ನು ಊರಿ, ಕೋಳಿ ಕೆದಕದ ಹಾಗೆ ಸುತ್ತ ಮುಳ್ಳು ನೆಟ್ಟಳು. ಗಿಡ ಬಂತು. ಈ ಸಲ ಕುಡಿಯನ್ನೂ ಚಿವುಟಲಿಲ್ಲ. ಒಂದೇ ಕಾಂಡ, ಒಂದೇ ಹೂವು, ಬುಡದಿಂದ ತುದಿಯವರೆಗೆ ಗುಲಾಬಿ. ಮುದ್ದವ್ವ ಹೆದರಿ ಎರಡು ಕೊಡ ನೀರನ್ನು ನಾಲ್ಕು ಮಾಡಿದಳು.

ಗಿಡದ ಬುಡದಲ್ಲಿ ಗೂಡು ಕಟ್ಟಿದ್ದ ಕಟ್ಟಿರುವೆಗೆ ರೇಗಿಹೋಯಿತು.

"ಏನವ್ವ, ನಮ್ಮ ಮನೇನೇ ಕೆರೆ ಮಾಡ್ತೀಯ? ಮಕ್ಕಳು ಮರಿಯೆಲ್ಲ ತೇಲ್ತಾವೆ."

"ಅಣ್ಣೆ ಬಾಡಬಾರದು ಕಣಪ್ಪ" ಎಂದಳು ಮುದ್ದವ್ವ. "ಇದೊಂದೇ ಉಳ್ದಿರೋದು."

"ಬಾಡ್ದಲೆ ಬೀಜ ಬಲಿಯೋದು ಹೆಂಗವ್ವ? ರಾಗಿ ಒಣಗ್ತದೆ, ಎಳ್ಳು ಒಣಗ್ತದೆ. ಒಣಗಿದ ಕಾಳನ್ನೇ ನಾವು ಗೂಡಿಗೆ ಹೊರೋದು. ಹಸೀದು ತಂದ್ರೆ ನಮ್ಮ ಗೂಡಲ್ಲೂ ಕೊಳೀತದೆ. ಈ ನಿನ್ನ ಮುದ್ದಿನ ಹೂವಿಗೆ ಒಣಗೋಕೆ ನಾಚ್ಕೆ. ನೀನು ನೀರು ಹೊಯ್ದು ಹೊಯ್ದು ಅದರ ನಾಚ್ಕೆ ಕಾಯ್ತಾ ಇದೀಯ."

ಮುದ್ದವ್ವ ಕೊಡ ಕೆಳಗಿಟ್ಟು ಅಲ್ಲೇ ಕೂತಳು. ಇಷ್ಟು ವರ್ಷ ಪ್ರೀತಿಯೆಂದು ತಾನು ಹೊಯ್ದದ್ದೇ ಅಣ್ಣೆಯ ಸಂತಾನವನ್ನು ಕೊಳೆಸಿತೇ ಎಂದು ಅವಳಿಗೆ ಅಳು ಬಂತು. ಅತ್ತು ಮುಗಿಸಿ, ಹೂವಿನ ಕಡೆ ತಿರುಗಿದಳು.

"ಕೇಳಿಸ್ತಾ?"

"ಕೇಳಿಸ್ತು" ಎಂದಿತು ಹೂವು, ತಲೆ ಎತ್ತದೆ.

"ಹಂಗಾದ್ರೆ ನೀರು ನಿಲ್ಲಿಸ್ತೀನಿ. ನೀನು ಒಣಗು, ಮಗ."

"ಒಣಗಿದ್ರೆ ಬೆಳ್ಳಗಾಗ್ತೀನಿ, ಅವ್ವ. ಬೆಳ್ಳಗಾದ ಹೂವನ್ನ ಯಾರು ಮುಡೀತಾರೆ? ಕಿತ್ತು ತಿಪ್ಪೆಗೆ ಎಸೀತಾರೆ."

"ಯಾರೂ ಎಸೆಯಲ್ಲ. ಬೆಳ್ಳಗಾದ್ರೆ ಏನಂತೆ?"

ಹೂವು ಮೆಲ್ಲಗೆ ಹೇಳಿತು. "ದಿನಾ ನೀನು ಬಗ್ಗಿ ನೀರು ಹೊಯ್ಯುವಾಗ ನಾನು ಕೆಳಗಿಂದ ನೋಡ್ತೀನಿ, ಅವ್ವ. ನಿನ್ನ ಸೆರಗಿನ ಒಳಗೆ ಏನಿದೆ ಅಂತ ನಂಗೊತ್ತು. ಬೆಳ್ಳಗಾದ್ರೆ ಏನೂ ಇಲ್ಲ ಅಂದ್ರೆ ನೀನ್ಯಾಕೆ ಮುಚ್ಕೊಂಡಿದೀಯ? ನೀನು ತೆಗಿ, ನಾನೂ ಬೆಳ್ಳಗಾಗ್ತೀನಿ."

ಮುದ್ದವ್ವ ಎದ್ದು ಒಳಗೆ ಹೋದಳು. ಮಸಿಯ ಬಟ್ಟಲು ಕೈಗೆತ್ತಿಕೊಂಡಳು, ಇಟ್ಟಳು. ಖಾಲಿ ಬುರುಡೆ ನೋಡಿದಳು. ಊರೆಲ್ಲ ನಕ್ಕರೆ ನಗಲಿ, ಕಾಳಯ್ಯ ಮುಖ ತಿರುಗಿಸಿದರೂ ತಿರುಗಿಸಲಿ, ಅಣ್ಣೆ ಇಲ್ಲದ ಹಿತ್ತಲಿನಲ್ಲಿ ತಾನು ಏನು ಮಾಡುವುದು? ಸೀಗೆಪುಡಿ ತೆಗೆದುಕೊಂಡು ಕೆರೆಗೆ ನಡೆದಳು.

ಉಜ್ಜಿ ಉಜ್ಜಿ ತೊಳೆದಳು. ಕೆರೆಯ ನೀರು ಕಪ್ಪಾಯಿತು, ತಲೆ ಬೆಳ್ಳಗಾಯಿತು. "ಇದೇನೇ ಮುದ್ದವ್ವ, ಇಷ್ಟೊಂದು ಮಸಿ" ಎಂದು ಕೆರೆ ಗೊಣಗಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆ ಕೂದಲು ಬಿಟ್ಟುಕೊಂಡು, ಮುದ್ದವ್ವ ನೇರ ಊರ ಕಣಕ್ಕೆ ಹೋದಳು. ಅವತ್ತು ಅಲ್ಲಿ ರಾಗಿ ಬಡಿಯುತ್ತಿದ್ದರು, ಊರಿಗೆ ಊರೇ ಸೇರಿತ್ತು.

ಬಡಿಯುವ ಕೋಲುಗಳು ನಿಂತವು. ಮೊರ ಹಿಡಿದ ಕೈಗಳು ನಿಂತವು. ತೂರುವುದಕ್ಕೆ ಬೀಸುತ್ತಿದ್ದ ಗಾಳಿಯೂ ನಿಂತಿತು.

"ಇದು ನನ್ನ ತಲೆ" ಎಂದಳು ಮುದ್ದವ್ವ. "ನಗೋರು ನಕ್ಬಿಡಿ. ನಂಗೆ ಹಿತ್ತಲಲ್ಲಿ ಕೆಲಸ ಐತೆ."

ಯಾರೂ ನಗಲಿಲ್ಲ. ರಾಗಿ ರಾಶಿಯ ಆಚೆ ನಿಂತಿದ್ದ ಕಾಳಯ್ಯ ನಿಧಾನವಾಗಿ ಕೋಲು ಕೆಳಗಿಟ್ಟ. ರುಮಾಲಿನ ಒಂದು ಸುತ್ತು ಬಿಚ್ಚಿದ, ಎರಡು ಸುತ್ತು ಬಿಚ್ಚಿದ. ಒಳಗೆ ಹತ್ತಿ ಕಾಯಿ ಬಿರಿದ ಹಾಗೆ ಬೆಳ್ಳಗಿನ ತಲೆ.

"ನಾಕು ವರ್ಷದಿಂದ ತಲೆ ಬೆಂದುಹೋಯ್ತು ಕಣೆ, ಮುದ್ದಿ" ಎಂದ.

"ಮಲಗೋವಾಗ್ಲೂ ಯಾಕೆ ಬಿಚ್ಚಲ್ಲ ಅಂದ್ರೆ, ಶೀತ ಅಂತಿದ್ದೆ ನೀನು."

"ನೀನು ತಲೆನೋವು ಅಂತಿದ್ದೆ."

ಆಗ ಕುಂಬಾರರ ಕೆಂಚವ್ವ ಸೆರಗು ಜಾರಿಸಿದಳು. ಅವಳದೂ ಬಿಳಿ. ಪಕ್ಕದಲ್ಲಿದ್ದವನು ತಲೆಯ ಮೇಲಿನ ಕಂಬಳಿ ಕೊಪ್ಪೆ ತೆಗೆದ, ಅವನದು ಅರ್ಧ ಬಿಳಿ. ನೋಡ ನೋಡುತ್ತ ಕಣದ ತುಂಬ ಬಿಳೀ ತಲೆಗಳು. ಒಬ್ಬರ ತಲೆ ಒಬ್ಬರು ನೋಡಿ ಶುರುವಾದ ನಗು ನಿಲ್ಲಲೇ ಇಲ್ಲ. ನಕ್ಕು ನಕ್ಕು ರಾಗಿ ರಾಶಿಯ ಮೇಲೆ ಉರುಳಿದರು. ಇದಾ ಮಡಕೆಗಳ ಸಮಾಚಾರ ಎಂದು ಗಾಳಿಯೂ ಬಿದ್ದು ಬಿದ್ದು ನಕ್ಕಿತು, ಆ ನಗುವಿಗೆ ಹೊಟ್ಟು ಎಲ್ಲ ಹಾರಿ ರಾಗಿ ತಾನೇ ಚೊಕ್ಕಟವಾಯಿತು.

ಮುದ್ದವ್ವ ಹಿತ್ತಲಿಗೆ ಓಡಿ ಬಂದಳು. ಅವಳ ಬರಿತಲೆಯನ್ನು ಹೂವು ಕಣ್ತುಂಬ ನೋಡಿತು.

"ಚೆನ್ನಾಗಿದೀಯ, ಅವ್ವ."

"ಗೊತ್ತು ಬಿಡು. ಈಗ ನಿಂದು."

ಅಣ್ಣೆ ಉಸಿರು ಬಿಗಿಹಿಡಿದು ಬುಡದ ಒಂದು ಸುತ್ತನ್ನು ಬೆಳ್ಳಗೆ ಮಾಡಿತು. ಮರುದಿನ ಅದರ ಮೇಲಿನ ಸುತ್ತು, ಅದರ ಮರುದಿನ ಇನ್ನೂ ಮೇಲಿನದು. ಬೆಳ್ಳಿಯ ಹಾಗೆ ಹೊಳೆಯುತ್ತ ಬಿಳುಪು ಮೇಲೇರಿತು. ತುದಿಯ ಹತ್ತಿರ ಬಂದಾಗ ಹೂವು ನಿಂತುಬಿಟ್ಟಿತು.

"ಅವ್ವ, ತುದೀಲಿ ಮಾತ್ರ ಒಂದು ಚೂರು ಗುಲಾಬಿ ಇಟ್ಕೊಳ್ಳಾ?"

"ಇಟ್ಕೋ. ಯಾರು ಬೇಡ ಅಂದ್ರು? ನಾನೂ ಹೂವು ಮುಡಿಯೋದು ಬಿಟ್ಟಿಲ್ಲ."

ಬಿಳಿಯಾದ ಕಡೆ ಮುದ್ದವ್ವ ಮೆಲ್ಲಗೆ ಬೆರಳಾಡಿಸಿದಳು. ಒಣಗಿದ ಬೀಜದ ಗೂಡುಗಳು ಮೇಲಿನ ಟೊಪ್ಪಿ ತೆಗೆದು, ಅಂಗೈ ತುಂಬ ಬೀಜ ಉದುರಿಸಿದವು. ಗಟ್ಟಿ ಬೀಜ. ಕಪ್ಪು ಬೀಜ. ಅವಳ ಪ್ರಾಯದ ಕೂದಲಿನ ಹಾಗೆಯೇ ಮಿರಿಮಿರಿ ಮಿಂಚುವ ಕಪ್ಪು.

ಪಕ್ಕದಲ್ಲಿ ಸಣ್ಣಿ ಕೂತು ಬೀಜ ಹೆಕ್ಕುತ್ತಿದ್ದಳು. ಮುದ್ದವ್ವ ಬೀಜ ನೋಡಿದಳು, ಸಣ್ಣಿಯ ತಲೆ ನೋಡಿದಳು.

"ನನ್ನ ಕಪ್ಪು ಎಲ್ಲಿಗೆ ಹೋಯ್ತು ಅಂತ ಹುಡುಕ್ತಿದ್ನಲ್ಲ" ಎಂದು ಮೊಮ್ಮಗಳ ನೆತ್ತಿಗೆ ಮುತ್ತಿಟ್ಟಳು. "ಇಲ್ಲೇ ಐತೆ."

ಬುರುಡೆ ಅರ್ಧ ತುಂಬಿತು. ಮಿಕ್ಕ ಬೀಜವನ್ನು ಅವಳು ಉದುರಿದಲ್ಲೇ ಬಿಟ್ಟಳು, ಒಣ ಗಿಡವನ್ನೂ ಕೀಳಲಿಲ್ಲ. ಗಾಳಿ ಒಂದಿಷ್ಟು ಬೀಜವನ್ನು ರಾಗಿ ಹೊಲಕ್ಕೆ ಒಯ್ದಿತು. ಕಟ್ಟಿರುವೆ ಒಂದಿಷ್ಟನ್ನು ಬದುವಿಗೆ ಹೊತ್ತು, ದಾರಿಯಲ್ಲಿ ಅರ್ಧ ಬೀಳಿಸಿತು. ಮುಂದಿನ ವರ್ಷ ಮೊದಲ ಮಳೆಗೆ ಹಿತ್ತಲು, ಹೊಲ, ಬದು ಎಲ್ಲಿ ನೋಡಿದರೂ ಅಣ್ಣೆಯೇ. ಬಿತ್ತುವ ಮಾತೇ ಇರಲಿಲ್ಲ, ಕುಡಿ ಚಿವುಟಿ ಸಾರು ಮಾಡಿ ಮಾಡಿ ಊರಿಗೇ ಸಾಕಾಯಿತು. ಮಡಕೆಗಳ ತಳವೂ ಮತ್ತೆ ಮಸಿ ಹಿಡಿದು ನೆಮ್ಮದಿಯಾಗಿ ಕಪ್ಪಗಾಯಿತು.

ಅದಕ್ಕೇ ಮಕ್ಕಳೇ, ರಾಗಿ ಹೊಲದ ಬದುವಿನಲ್ಲಿ ಇವತ್ತಿಗೂ ಅಣ್ಣೆ ಹೂವು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಗುಲಾಬಿಯಾಗಿ ನಿಂತಿರುತ್ತದೆ. ಬಿಳೀ ಕಡೆಯನ್ನು ಅಂಗೈಯಲ್ಲಿ ಉಜ್ಜಿ ಊದಿ ನೋಡಿ, ಒಳಗೆ ಮುಂದಿನ ವರ್ಷದ ಹೂವು ಕಪ್ಪಗೆ ಮಿಂಚುತ್ತಿರುತ್ತದೆ. ಅಜ್ಜಿಯ ತಲೆ ಬೆಳ್ಳಗಾಗುವ ಹೊತ್ತಿಗೆ ಮೊಮ್ಮಗುವಿನ ತಲೆ ಕಪ್ಪಗಿರುವುದೂ ಹಾಗೆಯೇ.