ಉಜ್ಜಿದ ಹುಣಸೆ ಬೀಜ

"ಕೇಳ್ರಪ್ಪಾ ಕೇಳಿ. ಮುತ್ತಗದೂರಿನ ದೊರೆ ಕೆಂಡಗಣ್ಣ ರಕ್ಕಸರ ಅಪ್ಪಣೆ. ಮೂರು ಒಗಟು ಬಿಡಿಸಿದವರಿಗೆ ಗದ್ದುಗೆ. ತಪ್ಪಿದವರ ತಲೆ ಹೋಗುತ್ತದೆ." ಡಂಗುರದವನು ಸಾರಿ ಮುಂದಿನ ಬೀದಿಗೆ ಹೋದ. ಯಾರೂ ಬಾಗಿಲು ತೆಗೆಯಲಿಲ್ಲ.

ಆ ಊರಲ್ಲಿ ದೊರೆಯನ್ನು ಆರಿಸುವುದು ಜನವೇ. ತಲೆಗೊಂದು ಹುಣಸೆ ಬೀಜ ಕೊಡುತ್ತಾರೆ. ಬೇಕಾದವನ ಮಡಕೆಗೆ ಹಾಕಿ ಬರಬೇಕು. ಹೋದ ಸಲ ಬಿಸಿಲು ಜೋರಿತ್ತು. ರಕ್ಕಸನನ್ನು ಯಾರು ಆರಿಸುತ್ತಾರೆ ಬಿಡು ಎಂದು ಜನ ಜಗುಲಿಯಲ್ಲೇ ಕೂತರು. ರಕ್ಕಸನ ನೆಂಟರು ಮಾತ್ರ ತಪ್ಪದೆ ಹೋದರು. ಅಲ್ಲಿಂದ ಅಮಾವಾಸ್ಯೆಗೊಬ್ಬರು ಅವನ ಊಟಕ್ಕೆ. ಮೊದಮೊದಲು ಅಳುತ್ತಿದ್ದರು. ಈಗ ತಲೆಗೆ ಎಣ್ಣೆ ಹಚ್ಚಿ ಕಳಿಸುತ್ತಾರೆ.

ನಾಳಿನ ಪಾಳಿ ಕತ್ತೆ ಕಾಯುವ ಚೌಡನ ತಂಗಿ ನಿಂಗಿಯದು.

"ಒಗಟು ಬಿಡಿಸಿ ಬರ್ತೀನಿ," ಅಂದ ಚೌಡ.

"ಕಳೆದ ಕತ್ತೇನೇ ಹುಡುಕೋಕೆ ಬರಲ್ಲ ನಿನಗೆ, ಅಣ್ಣ," ಅಂದಳು ನಿಂಗಿ. ಅವಳು ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಚೌಡ ಹೋದಾಗ ಗದ್ದುಗೆಯ ಮುಂದೆ ಆಗಲೇ ಇಬ್ಬರಿದ್ದರು. ರಕ್ಕಸ ಆಕಳಿಸಿದ. ತಿಂದು ತಿಂದು ಅವನಿಗೂ ಬೇಸರವಾಗಿತ್ತು. "ಕೈ ಎತ್ತದೆ ನನ್ನನ್ನು ಎತ್ತಿ ಇಲ್ಲಿ ಕೂರಿಸಿದವರು ಯಾರು?"

"ನಿಮ್ಮ ತೋಳ್ಬಲ," ಅಂದ ಜಟ್ಟಿ ಬೈರ. ತಲೆ ಹೋಯಿತು.

"ನಿಮ್ಮ ನೆಂಟರು," ಅಂದ ಸಂಗಪ್ಪ ಶೆಟ್ಟಿ.

"ಪಾಪ, ಅವರು ಕೈ ಎತ್ತಿ ಬೀಜ ಹಾಕಿದವರು ಶೆಟ್ರೇ." ಅವನ ತಲೆಯೂ ಹೋಯಿತು. ಆಳೊಬ್ಬ ಬಂದು ನೆಲ ಒರೆಸಿ ಹೋದ.

"ಜಗುಲಿಯಲ್ಲಿ ಕೂತವರು," ಅಂದ ಚೌಡ.

ರಕ್ಕಸನ ಆಕಳಿಕೆ ಅರ್ಧಕ್ಕೇ ನಿಂತಿತು. "ಬಿಟ್ಟರೆ ಹಗುರ. ಇಟ್ಟುಕೊಂಡರೆ ಸತ್ತವರಷ್ಟು ಭಾರ. ಏನದು?"

ಚೌಡ ಸೊಂಟದ ಚೀಲದಿಂದ ಒಂದು ಹುಣಸೆ ಬೀಜ ತೆಗೆದು ತೋರಿಸಿದ. ಒಂದು ಮಗ್ಗುಲು ಬೆಳ್ಳಗಿತ್ತು. "ಮಡಕೆಗೆ ಹಾಕಲಿಲ್ಲ. ಕಲ್ಲಿಗೆ ಉಜ್ಜಿ, ದಾಳ ಮಾಡ್ಕೊಂಡು ಚೌಕಾಬಾರ ಆಡಿದೆ."

"ಗೆದ್ಯಾ?"

"ಗೆದ್ದೆ."

"ಕಡೇದು. ನನ್ನ ಎಲೆಗೆ ಬಡಿಸುವ ಕೈ ಯಾರದು?"

ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಜನ ಪಿಸುಗುಟ್ಟಿದರು. "ಊರಿನವರದು ಅನ್ನೋ. ಎಲ್ಲರದೂ ಅನ್ನೋ ಚೌಡ."

ಚೌಡ ಬೀಜ ಹಿಡಿದ ಕೈಯನ್ನು ನೋಡಿಕೊಂಡ. "ನನ್ನದು," ಅಂದ.

"ನಿನ್ನೊಬ್ಬನದೇ ಏನು?"

"ಬೇರೆಯವರದನ್ನು ಅವರವರು ಹೇಳಲಿ. ನಾಳೆ ನನ್ನ ತಂಗೀನ ಬಡಿಸೋದು ಈ ಕೈ."

ರಕ್ಕಸ ಕಿರೀಟ ತೆಗೆದು ಗದ್ದುಗೆಯ ಮೇಲಿಟ್ಟ. "ಎಲ್ಲರದು ಅಂದಿದ್ರೆ ತಲೆ ತೆಗೀತಿದ್ದೆ. ಎಲ್ಲರದು ಅಂದ್ರೆ ಯಾರದೂ ಅಲ್ಲ. ಅದರಿಂದಲೇ ಇಷ್ಟು ದಿನ ಉಂಡೆ." ಕೊಟ್ಟ ಮಾತಿನಂತೆ ಎದ್ದು ಗುಡ್ಡದ ಕಡೆ ನಡೆದುಬಿಟ್ಟ.

ಜನ ಒಳಗೆ ಬಂದರು. "ಕೂತ್ಕೋ ಚೌಡಪ್ಪ, ಇನ್ನು ನೀನೇ ದೊರೆ. ನಮಗೂ ಬಿಸಿಲಲ್ಲಿ ನಿಲ್ಲೋದು ತಪ್ಪುತ್ತೆ."

"ಮಡಕೆ ತಂದಿಡಿ," ಅಂದ ಚೌಡ. "ನನಗೊಂದು ಉಜ್ಜದ ಬೀಜ ಕೊಡಿ. ಅಷ್ಟು ಸಾಕು."

ಕೊಟ್ಟರು. ಮಾರನೆಯ ಬೆಳಿಗ್ಗೆ ಮಡಕೆಗಳ ಮುಂದೆ ಚೌಡ ನಿಂತಿದ್ದ. ಅವನ ಹಿಂದೆ ನಿಂಗಿ, ತಲೆಯ ಎಣ್ಣೆ ಇನ್ನೂ ತೊಳೆದಿರಲಿಲ್ಲ. ಅವಳ ಹಿಂದೆ ಒಬ್ಬೊಬ್ಬರೇ ಬರುತ್ತಿದ್ದರು. ಯಾವುದೋ ಜಗುಲಿಯಿಂದ ಕಲ್ಲಿಗೆ ಬೀಜ ಉಜ್ಜುವ ಸದ್ದೂ ಕೇಳುತ್ತಿತ್ತು.