ಹಗ್ಗದ ಇನ್ನೊಂದು ತುದಿ

ಅಪಾರ್ಟ್‌ಮೆಂಟಿನ ಒಳಚರಂಡಿ ಕಟ್ಟಿಕೊಂಡಿತ್ತು. ಪ್ಲಂಬರ್ ಓಬಳೇಶ ಮ್ಯಾನ್‌ಹೋಲಿನ ಮುಚ್ಚಳ ತೆಗೆದವನೇ ಹಿಂದೆ ಸರಿದ. "ಒಳಗೆ ವಿಷಗಾಳಿ ಇದೆ ಸಾರ್. ಮೆಷಿನ್ ಗಾಡಿ ಕರೆಸಿ."

"ಅದು ಬರೋದು ನಾಳೆ. ಐದು ನಿಮಿಷದ ಕೆಲಸ, ಇಳಿಯಯ್ಯಾ!" ಎಂದು ಗದರಿದರು ಸೆಕ್ರೆಟರಿ ಶ್ರೀಕಂಠಯ್ಯ.

ಓಬಳೇಶ ಚೀಲದಿಂದ ಒಂದು ಹಳೇ ಹಗ್ಗ ತೆಗೆದ. ಅದರ ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದ. ಇನ್ನೊಂದನ್ನು ಸೆಕ್ರೆಟರಿಯ ಸೊಂಟಕ್ಕೆ ಕಟ್ಟಿದ.

"ಏಯ್, ಇದೇನೋ?"

"ನಾನು ಎಚ್ಚರ ತಪ್ಪಿದ್ರೆ ಎಳೀರಿ ಸಾರ್. ಎಳೆಯೋಕೆ ಆಗದಿದ್ರೆ ನೀವೂ ಒಳಗೆ ಬರ್ತೀರಿ. ಐದು ನಿಮಿಷ ತಾನೆ?"

ಶ್ರೀಕಂಠಯ್ಯ ಗಂಟು ಬಿಚ್ಚುತ್ತಲೇ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಮೆಷಿನ್ ಬಂತು.

ಓಬಳೇಶ ಹಗ್ಗ ಸುತ್ತುತ್ತಾ ಆ ಮೆಷಿನ್ನನ್ನೇ ನೋಡುತ್ತಿದ್ದ.

"ನಮ್ಮಣ್ಣ ಇಂಥದ್ದೇ ಗುಂಡಿಗೆ ಇಳಿದೋನು ಮೇಲೆ ಬರಲೇ ಇಲ್ಲ ಸಾರ್," ಅಂದ. "ಅವತ್ತು ನಿಮಗೆ ಕಟ್ಟಿದ್ನಲ್ಲ, ಈ ತುದೀನ ಗೇಟಿಗೆ ಕಟ್ಟಿದ್ರು."